ಒರೆಸಬಾರದಿದ್ದ ಪ್ಯಾನೆಲ್

ಇವತ್ತು ಬೆಳಿಗ್ಗೆ ಕೊಲ್ಲಿ ನಾಡಿನ ಅಲ್ ರಯ್ಯಾನಿನ ನಮ್ಮ ಮನೆಯ ಕಿಟಕಿ ತೆರೆದದ್ದೇ ತಡ, ಒದ್ದೆ ಧೂಳಿನ ವಾಸನೆ ಬಂತು ನೋಡಿ. ಕೆಳಗೆ ಯಾರೋ ಕಾರು ತೊಳೆಯುತ್ತಿದ್ದರು. ಅಷ್ಟೇ ಸಾಕಾಯಿತು, ನಾನು ಹಳೆಯ ಆಫೀಸಿನ ತಾರಸಿಗೆ ಹೋಗಿಬಿಟ್ಟೆ. ಹೀಗೆ ಕೂತಲ್ಲೇ ಕಳೆದುಹೋಗುವುದರಲ್ಲಿ ನನಗೆ ಸಾಟಿಯಿಲ್ಲವೆಂದು ಮನೆಯವಳ ಅಭಿಪ್ರಾಯ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಅಲ್ ಮನ್ಸೂರಾದ ಒಂದು ಕನ್ಸಲ್ಟೆನ್ಸಿಯಲ್ಲಿ ಟೈಪಿಸ್ಟ್. ಬಿಸಿಲಿನಿಂದ ಅಗ್ಗದ, ಹೊಗೆಯಿಲ್ಲದ ಕರೆಂಟು ಮಾಡುವ ಯೋಚನೆ ಇಲ್ಲಿನ ಸರ್ಕಾರಕ್ಕೆ ಬಂದಿತ್ತು. ಅದಕ್ಕೊಂದು ವರದಿ ನಾವು ಕೊಡಬೇಕಿತ್ತು. ನೆಲದಡಿಯ ಗ್ಯಾಸಿನ ಮೇಲೆ ಕೂತವರಿಗೆ ಬಿಸಿಲಿನ ಉಸಾಬರಿ ಯಾಕಪ್ಪಾ ಎಂದು ಊಟದ ಹೊತ್ತಿಗೆ ನಗುತ್ತಿದ್ದೆವು. ನಗದವರು ಹಮೀದಾಕ ಒಬ್ಬರೇ. ಉಳ್ಳಾಲದವರು, ನನಗಿಂತ ಹಿರಿಯರಾದ್ದರಿಂದ ಹಮೀದಣ್ಣ ಎನ್ನುವಂತೆ ಹಮೀದಾಕ, ಆ ಕಟ್ಟಡವನ್ನು ಗುಡಿಸಿ ಒರೆಸಿ ಇಡುವವರು.

"ಜೂನ್‌ನಲ್ಲಿ ನಳ್ಳಿ ಬಿಟ್ರೆ ಕುದಿನೀರು. ಗೀಸರ್ ಆಫ್ ಮಾಡಿ, ಅದರೊಳಗೆ ನೀರು ತಣಿಸ್ಲಿಕ್ಕೆ ಇಟ್ಕೊಂಡಿದ್ದೇವೆ ನಾವು! ಇಷ್ಟು ಬೆಂಕಿ ಪುಕ್ಕಟೆ ಬೀಳುವಾಗ ಹಿಡಿದಿಡುದು ಬೇಡ್ವಾ ಮಾರಾಯ್ರೇ?"

ಅವರು ಹಾಗೆನ್ನುವಾಗ ನನ್ನ ಕಣ್ಣಿಗೆ ಮಂಪರು ಹತ್ತುತ್ತಿತ್ತು. ಮರಳಿನ ತುಂಬ ಗಾಜಿನ ಗದ್ದೆಗಳು, ಸದ್ದಿಲ್ಲದೆ ಬೆಳಕು ಕುಡಿಯುತ್ತ ಮಲಗಿದ ಹಾಗೆ ಕಾಣುತ್ತಿದ್ದವು. ಟೈಪಿಸ್ಟನ ಕನಸು ಬಿಡಿ, ತಪ್ಪಕ್ಷರ ಜಾಸ್ತಿ.

ತಾರಸಿಯಲ್ಲಿ ಎರಡು ಪ್ಯಾನೆಲ್ ಇಟ್ಟರು. ಒಂದನ್ನು ಹಮೀದಾಕ ದಿನಾ ಒರೆಸಬೇಕು, ಇನ್ನೊಂದನ್ನು ಮುಟ್ಟಲೇಬಾರದು. ಧೂಳು ಕೂತರೆ ಕರೆಂಟು ಎಷ್ಟು ಇಳಿಯುತ್ತದೆಂದು ತಿಳಿಯಬೇಕಿತ್ತು. ಮೀಟರ್ ನೋಡಿ ಬರೆಯುವುದು ನನ್ನ ಪಾಲಿಗೆ. ಮೀಟರ್ ಇದ್ದದ್ದು ಮೆಟ್ಟಿಲ ನೆರಳಿನಲ್ಲಿ. ಬಿಸಿಲಿಗೆ ಹೋಗಿ ಪ್ಯಾನೆಲ್ ನೋಡುವ ಉತ್ಸಾಹ ನನ್ನಂಥ ಸೋಮಾರಿಗೆ ಎಲ್ಲಿಂದ ಬರಬೇಕು? ತಿಂಗಳಾದರೂ ಎರಡರ ಅಂಕಿಯೂ ಹೆಚ್ಚುಕಡಿಮೆ ಒಂದೇ. ನಮ್ಮ ಇಂಜಿನಿಯರ್, ಜೋರ್ಡಾನಿನವರು, ಹಿಗ್ಗಿಹೋದರು. ಧೂಳಿನಿಂದ ತೊಂದರೆಯಿಲ್ಲ ಎಂದು ನಾನು ವರದಿಯಲ್ಲಿ ಟೈಪ್ ಮಾಡಿದೆ.

ಮರುದಿನ ಅದೇನೋ ಬೇಗ ಹೋಗಿದ್ದೆ. ತಾರಸಿಯಲ್ಲಿ ಹಮೀದಾಕ ಕುಕ್ಕರಗಾಲಲ್ಲಿ ಕೂತು ಒದ್ದೆ ಬಟ್ಟೆಯಿಂದ ಆ ಮುಟ್ಟಬಾರದ ಪ್ಯಾನೆಲನ್ನು ಉಜ್ಜುತ್ತಿದ್ದರು.

"ಅಯ್ಯೋ, ಇದೆಂತ ಮಾಡುದು ನೀವು?"

"ದಿನಾ ಮಾಡ್ತೇನೆ. ಎರಡಿದ್ದಾಗ ಒಂದನ್ನು ಮಾತ್ರ ಒರೆಸಿ ಬರ್ಲಿಕ್ಕೆ ಕೈ ಬರುದಿಲ್ಲ. ಒಂದು ಮಗುವಿಗೆ ಸ್ನಾನ ಮಾಡಿಸಿ ಇನ್ನೊಂದನ್ನು ಬಿಟ್ಟ ಹಾಗೆ. ಕರೆಂಟು ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವಾ?"

ವಿಷಯ ಬಿಡಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು. ಮುಂದಿನ ತಿಂಗಳು ಅವರ ಮಗಳ ನಿಕಾಹ್. ಮೂರು ವರ್ಷದ ಮೇಲೆ ರಜೆ ಮಂಜೂರಾಗಿತ್ತು. ಇದು ಹೊರಬಿದ್ದರೆ ರಜೆಯೂ ಹೋದೀತು, ಕೆಲಸವೂ.

"ಸುಮ್ಮನಿರಿ ಹಮೀದಾಕ. ನಾಳೆ ವರದಿ ಹೋಗ್ತದೆ. ಯಾರಿಗೂ ಗೊತ್ತಾಗುದಿಲ್ಲ."

ಅವರು ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡರು. "ಆ ವರದಿ ನಂಬಿ ಮರಳಿನಲ್ಲೆಲ್ಲ ಪ್ಯಾನೆಲ್ ಹಾಕ್ತಾರೆ. ಒರೆಸ್ಲಿಕ್ಕೆ ಯಾರನ್ನೂ ಇಡುದಿಲ್ಲ. ಒಂದೇ ವರ್ಷದಲ್ಲಿ ಖಲಾಸ್. ಆಮೇಲೆ ಬಿಸಿಲಿನ ಕರೆಂಟೇ ಸುಳ್ಳು ಅಂತಾರೆ, ಅಲ್ವಾ?"

ಅವರು ಎದ್ದು ನೇರ ಇಂಜಿನಿಯರ್ ಕೋಣೆಗೆ ಹೋದರು.

ಕೂಗಾಟ ಮೂರು ಕೋಣೆಗೆ ಕೇಳಿಸಿತು. ಕೆಲಸವೇನೋ ಉಳಿಯಿತು. ಆದರೆ ಪ್ರಯೋಗ ಮೊದಲಿನಿಂದ ಶುರುವಾಯಿತು, ಅದು ಮುಗಿಯುವ ತನಕ ರಜೆ ಇಲ್ಲವೆಂದರು. ಊರಲ್ಲಿ ಅವರ ತಮ್ಮ ನಿಂತು ನಿಕಾಹ್ ನಡೆಸಿದರು. ಹಮೀದಾಕ ಅದನ್ನು ನನ್ನ ಮೊಬೈಲಿನಲ್ಲಿ, ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡರು. ಧೂಳು ಹಿಡಿದ ಪ್ಯಾನೆಲ್‌ನ ಅಂಕಿ ಆ ತಿಂಗಳು ದಿನದಿನಕ್ಕೂ ಇಳಿಯುತ್ತ ಹೋಯಿತು. ತಪ್ಪದೆ ಒರೆಸುವ ಏರ್ಪಾಡು ಬೇಕೆಂಬ ಸಾಲು ವರದಿಗೆ ಸೇರಿತು.

"ಚಹಾ ತಣ್ಣಗಾಯ್ತು. ಎಲ್ಲಿದ್ದೀರಿ?" ಮನೆಯವಳು ಪಕ್ಕದಲ್ಲಿ ನಿಂತಿದ್ದಳು.

"ಆ ಸೋಲಾರ್ ವರದಿ ನೆನಪಾಯ್ತು."

"ಅದೇ, ನೀವು ತಪ್ಪು ಹಿಡಿದು ಸರಿ ಮಾಡಿಸಿದ್ದು? ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ!"

ಹೌದು, ಹಾಗೆಯೇ ಹೇಳಿಕೊಂಡು ಬಂದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಹಿಡಿದದ್ದು ನಾನೇ," ಎಂದೆ. "ಮುಚ್ಚಿಡಿ ಅಂದದ್ದೂ ನಾನೇ. ಸರಿ ಮಾಡಿಸಿದವರು ಬೇರೆ. ಕೂತ್ಕೋ, ಹೇಳ್ತೇನೆ."