ಊರಿನ ಪ್ರಕಾರ ಇಟ್ಟ ಫೈಲುಗಳು

ಆ ದಿನದ ನನ್ನ ದಿನಚರಿಯಲ್ಲಿ ಒಂದೇ ಸಾಲಿದೆ: 'ಹೊಸ ಪರದೆ ಕೈಕೊಟ್ಟಿತು, ಹಳೆಯದೇ ಗತಿ.' ಬರೆದವಳು ನಾನೇ. ಅದು ಪೂರ್ತಿ ನಿಜವಲ್ಲ ಎಂಬುದು ಬರೆಯುವಾಗಲೇ ಗೊತ್ತಿತ್ತೋ, ಆಮೇಲೆ ಹೊಳೆಯಿತೋ, ಈಗ ಹೇಳಲಾರೆ.

ಗದಗ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಕಚೇರಿಗಳು ಬಂದವು, ಅವುಗಳ ಬೆನ್ನಿಗೆ ಅರ್ಜಿಗಳು ಬಂದವು. ಧಾರವಾಡದಲ್ಲಿ ಎಂ.ಎ. ಮುಗಿಸಿದ ನಾನು ಬೆಟಗೇರಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೆ. ಫೈಲುಗಳಿಗೆ ಸರಿಯಾದ ಹೆಸರಿಡುವ ಅಭ್ಯಾಸ ನನಗಿರಲಿಲ್ಲ. ಎ1, ಎ2 ಎಂದು ಒತ್ತಿ, ಡೆಸ್ಕ್‌ಟಾಪಿನ ಮೇಲೆ ಊರಿನ ಪ್ರಕಾರ ಇಡುತ್ತಿದ್ದೆ. ನಕಾಶೆಯಲ್ಲಿರುವಂತೆ ಮೇಲೆ ಗದಗ-ಬೆಟಗೇರಿ, ಕೆಳಗೆ ಎಡಕ್ಕೆ ಲಕ್ಷ್ಮೇಶ್ವರ, ನಡುವೆ ಶಿರಹಟ್ಟಿ, ಬಲಮೂಲೆಗೆ ಮುಂಡರಗಿ. ಗಿರಾಕಿ ಬಂದು ಕುಳಿತ ಕೂಡಲೇ ನಮ್ಮ ಕಡೆಯ ರೂಢಿಯಂತೆ "ಯಾವೂರ್ರಿ ನಿಮ್ಮದು?" ಎಂದು ಕೇಳುವುದು, ಹೇಳಿದ ಊರಿನ ಜಾಗಕ್ಕೆ ಫೈಲು ಎಳೆದು ಬಿಡುವುದು.

ನಮ್ಮ ಸಾಲಿನಲ್ಲೇ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದರು. ಅವರನ್ನು ನಾನು ಭಾಯಿ ಎನ್ನುತ್ತಿದ್ದೆ. ಹಿಂದಿನ ದಿನ ಅವರು ಹೊಸ ಡಿಸ್ಕ್ ಕೂಡಿಸಿ, ಹೊಸ ನಮೂನೆಯ ಡೆಸ್ಕ್‌ಟಾಪ್ ಪರದೆ ಹಾಕಿಕೊಟ್ಟಿದ್ದರು. ಇನ್ನೂರಕ್ಕೂ ಹೆಚ್ಚು ಫೈಲುಗಳು ಒಂದೇ ಪಟ್ಟಿಯಲ್ಲಿ ಶಿಸ್ತಾಗಿ ನಿಂತಿದ್ದವು. ಎಲ್ಲಕ್ಕೂ ಒಂದೇ ಬಣ್ಣ, ನಕಲು ಮಾಡಿದ ಅದೇ ದಿನದ ತಾರೀಖು.

ಮಧ್ಯಾಹ್ನ ಎರಡೂವರೆಗೆ ಆಕೆ ಬಂದಳು. ಶಿರಹಟ್ಟಿ ಕಡೆಯ ಹಳ್ಳಿಯೊಂದರ ಮಹಿಳಾ ಸಂಘದ ಅಧ್ಯಕ್ಷೆ. ಊರಿನ ರೇಷನ್ ಅಂಗಡಿಯನ್ನು ಸಂಘಕ್ಕೇ ಕೊಡಿ ಎಂಬ ಅರ್ಜಿ, ಇಪ್ಪತ್ತು ಸದಸ್ಯೆಯರ ವಿವರ, ಒಟ್ಟು ನಾಲ್ಕು ಪುಟ. ಮೂರು ದಿನದ ಹಿಂದೆ ನಾನೇ ಟೈಪ್ ಮಾಡಿದ್ದೆ. ಸಂಘದವರಿಗೆ ತೋರಿಸಲು ಒಯ್ದಿದ್ದ ಪ್ರತಿಯಲ್ಲಿ ಎರಡು ತಿದ್ದುಪಡಿ ಹಾಕಿಕೊಂಡು ಬಂದಿದ್ದಳು.

"ಮೂರೂವರಿ ಬಸ್ಸಿಗೆ ಹೋಗಬೇಕ್ರಿ ಅಕ್ಕಾರ. ಐದಕ್ಕ ಶಿರಹಟ್ಟಿ ಕಚೇರಿ ಬಾಗ್ಲಾ ಹಾಕ್ತಾರ. ಇವತ್ತ ಕಡೀ ದಿನಾ. ತಪ್ಪಿದ್ರ ಅಂಗಡಿ ಗೌಡ್ರ ಅಳಿಯಾಗ ಹೊಕ್ಕೈತಿ."

ನಾನು ಎ1 ತೆರೆದೆ. ಯಾರದೋ ಜಾತಿ ಪ್ರಮಾಣಪತ್ರದ ಅರ್ಜಿ. ಎ2, ಎ3, ಎ4. ಆಗಲೇ ಮತ್ತೆ ಟೈಪ್ ಮಾಡಲು ಕುಳಿತಿದ್ದರೆ? ಒಂದೂವರೆ ತಾಸು ಬೇಕಿತ್ತು, ಇದ್ದದ್ದು ಒಂದು. ಹದಿನೈದು ನಿಮಿಷ ಹುಡುಕಿ, ಭಾಯಿಯನ್ನು ಕೂಗಿದೆ.

"ಫೈಲ್ ಒಂದೂ ಹೋಗಿಲ್ರಿ. ಎಲ್ಲಾ ಅದಾವ," ಎಂದರು.

"ಅದಾವ, ಖರೆ. ಎಲ್ಲಿ ಅದಾವ?"

"ನೀವು ಹೆಸರಾ ಇಟ್ಟಿಲ್ಲ, ಹೆಂಗ ಹುಡುಕ್ಲಿ?"

"ಹಳೇದ ಹಾಕ್ರಿ."

"ನಿನ್ನಿ ಇನ್ನೂ ಇದನ್ನ ಕೂಡ್ಸೇನಿ—"

"ಹಳೇದ ಹಾಕ್ರಿ, ಭಾಯಿ. ಜಲ್ದಿ!"

ಅವರು ತಮ್ಮ ಅಂಗಡಿಯಿಂದ ಹಳೆಯ ಡಿಸ್ಕ್ ತಂದು, ಕಂಪ್ಯೂಟರ್ ಡಬ್ಬಿಯ ಸ್ಕ್ರೂ ಬಿಚ್ಚಿ, ವೈರು ಬದಲಿಸಿದರು. ಆಕೆ ಬಾಗಿಲಲ್ಲಿ ನಿಂತು ಒಮ್ಮೆ ರಸ್ತೆ, ಒಮ್ಮೆ ಗಡಿಯಾರ ನೋಡುತ್ತಿದ್ದಳು. ಮೂರು ಗಂಟೆ ದಾಟಿದಾಗ ನನ್ನ ಹಳೆಯ ಪರದೆ ಬೆಳಗಿತು. ನಾಲ್ಕೂ ಊರುಗಳು ಇದ್ದಲ್ಲೇ ಇದ್ದವು. ಉಸಿರು ಬಿಟ್ಟು ಶಿರಹಟ್ಟಿಗೆ ಕೈ ಹಾಕಿದೆ.

ಅಲ್ಲಿ ಆರು ಫೈಲು. ಆರೂ ಬೇರೆಯವರವು.

ಇನ್ನು ಬೈಯಲು ಹೊಸ ಪರದೆಯೂ ಇರಲಿಲ್ಲ. ಭಾಯಿ ಅಂಗೈಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಮತ್ತೆ ಕೂಡಿಸತೊಡಗಿದರು. ಶಿರಹಟ್ಟಿಯಲ್ಲೇ ಇಟ್ಟದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಕೈ ಎಳೆದ ನೆನಪೂ ಇತ್ತು. ಆ ನೆನಪು ಎಲ್ಲಿಂದ ಬಂತು? ಬಾಗಿಲಲ್ಲಿದ್ದ ಆಕೆಯ ಕಡೆ ತಿರುಗಿದೆ.

"ಅವತ್ತ ಬಂದಾಗ ನಾ ನಿಮಗ ಮೊದ್ಲ ಏನ್ ಕೇಳಿದ್ನಿ?"

"ಏನ್ ಕೇಳ್ತೀರಿ, ಯಾವೂರು ಅಂದ್ರಿ."

"ನೀವೇನ್ ಅಂದ್ರಿ?"

"ಮುಂಡರಗಿ ಅಂದೆ. ನನ್ನ ತವರಮನಿ ಮುಂಡರಗಿ. ಹೆಣ್ಮಕ್ಕಳಿಗೆ ಯಾವೂರು ಅಂತ ಕೇಳಿದ್ರ ಮತ್ತೇನ್ ಹೇಳ್ತಾರ್ರಿ?"

ಬಲಮೂಲೆಯ ಮೊದಲ ಫೈಲೇ ಅದು. ಎರಡು ಹೆಸರು ತಿದ್ದಿದೆ. ನಾಲ್ಕು ಪುಟ ಹೊರಬರುವುದಕ್ಕೂ ಭಾಯಿ ಆಟೋ ನಿಲ್ಲಿಸುವುದಕ್ಕೂ ಸರಿಹೋಯಿತು. ಬಿಸಿ ಆರದ ಹಾಳೆಗಳನ್ನು ಎದೆಗೊತ್ತಿಕೊಂಡು ಆಕೆ ಓಡಿದಳು.

ಸಂಜೆ ಪಕ್ಕದ ಎಸ್‌ಟಿಡಿ ಬೂತಿಗೆ ಆಕೆಯ ಫೋನು ಬಂತು. "ಅರ್ಜಿ ತಗೊಂಡ್ರು, ಅಕ್ಕಾರ. ಮ್ಯಾಲೆ ಕಚೇರಿ ಸಿಕ್ಕಾನೂ ಹೊಡದ್ರು. ಇನ್ಮ್ಯಾಲೆ ಗಂಡನ ಊರೂ ಕೇಳಿ ಬರಕೊಳ್ರಿ!"

ಅಂಗಡಿ ಮುಚ್ಚುವ ಮೊದಲು ಭಾಯಿ ಬಂದು, "ಹಳೇದ ಇರ್ಲೇನ್ರಿ?" ಎಂದರು. "ಇರ್ಲಿ," ಎಂದೆ. ತಪ್ಪು ನನ್ನದು ಎಂದು ಹೇಳಬಹುದಿತ್ತು, ಹೇಳಲಿಲ್ಲ. ದಿನಚರಿಯಲ್ಲೂ ಬರೆಯಲಿಲ್ಲ.

ಅವರು ಹೋದ ಮೇಲೆ ಆಕೆಯ ಫೈಲನ್ನು ಶಿರಹಟ್ಟಿಗೆ ಎಳೆದು ತಂದೆ. ಯಾವೂರು ಎಂದರೆ ಆಕೆ ಹೇಳಿದ್ದು ಇದಲ್ಲವಲ್ಲ. ಮತ್ತೆ ಮುಂಡರಗಿಗೇ ಒಯ್ದು ಇಟ್ಟೆ.