ಕ್ಯೋಟೋಗೆ ಹೋಗಬೇಕಿದ್ದ ರಜೆ

ನನ್ನ ಹೆಂಡತಿಯ ಕಣ್ಣಿನ ಒಳಪರದೆ ಸವೆಯುತ್ತಾ ಬಂದಿದೆ, ಇನ್ನೊಂದು ವರ್ಷದಲ್ಲಿ ಬಣ್ಣ ಗುರುತಿಸುವುದೂ ಕಷ್ಟ ಎಂದು ಖಾಲಿದಿಯಾ ಎಂಬಲ್ಲಿನ ಕಣ್ಣಿನ ಡಾಕ್ಟರು ಹೇಳಿದರು. ದುಬೈಗೆ ವಾಪಸು ಬರುವ ಬಸ್ಸಿನಲ್ಲಿ ಅವಳು ಅಳಲಿಲ್ಲ. "ಜಪಾನಿನ ಕ್ಯೋಟೋ ನೋಡಬೇಕು. ನವೆಂಬರಿನಲ್ಲಿ ಅಲ್ಲಿ ಮರಗಳೆಲ್ಲ ಕೆಂಪಾಗ್ತವಂತೆ" ಎಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಮ್ಮ ರಜೆಗಳೆಲ್ಲ ಊರಿನ ನಾಮಕರಣ, ಮದುವೆ, ಮರಣಗಳಿಗೇ ಹೋಗಿದ್ದವು.

ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ನಮ್ಮ ಒಂದು ಕೋಣೆಯ ಮನೆಯಲ್ಲಿ ಅವಳು ದಪ್ಪ ಅಕ್ಷರದಲ್ಲಿ ಪಟ್ಟಿ ಬರೆದಳು. ಮೊದಲ ದಿನ ಗುಡ್ಡದ ಮೇಲಿನ ಮರದ ದೇವಾಲಯ, ಎರಡನೇ ದಿನ ಸಾಲು ಸಾಲು ಕೆಂಪು ಹೆಬ್ಬಾಗಿಲುಗಳ ಗುಡಿ, ಜನ ಸೇರುವ ಮೊದಲೇ ಬಿದಿರಿನ ದಾರಿ.

"ಇಷ್ಟು ನಡೀಲಿಕ್ಕೆ ನಾವೆಂತ ಪೊಲೀಸ್ ಭರ್ತಿಗೆ ಹೋಗುವುದಾ ಮಾರಾಯ್ತಿ?" ಎಂದೆ.

"ಕಾಲು ಗಟ್ಟಿ ಉಂಟು ನಂಗೆ" ಎಂದಳು.

ಇನ್ನು ನನ್ನ ದಡ್ಡತನ ಕೇಳಿ. ಕಂಪನಿಯ ರಜೆ ಅರ್ಜಿಯಲ್ಲಿ 'ಎಲ್ಲಿಗೆ' ಎಂಬಲ್ಲಿ ಕೈ ತನ್ನಷ್ಟಕ್ಕೆ ಮಂಗಳೂರು ಎಂದು ಬರೆದುಬಿಟ್ಟಿತ್ತು. ಅದರಂತೆಯೇ ಕಂಪನಿ ಕೊಡುವ ಟಿಕೆಟ್ ಬಂತು. ಅದನ್ನು ರದ್ದು ಮಾಡಿಸಬಹುದಿತ್ತು. ಆದರೆ ಗಲ್ಫಿನವರ ಚಾಳಿ ನೋಡಿ, ಟಿಕೆಟ್ ಕೈಗೆ ಬಂದ ಕೂಡಲೇ ಅದರ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗಬೇಕು. ಕಳಿಸಿಯೇಬಿಟ್ಟೆ. ಕಳಿಸಿದ್ದು ಅರಿವಾಗುವಷ್ಟರಲ್ಲಿ ಹನ್ನೊಂದು ಜನ ಕೈ ಮುಗಿದಿದ್ದರು.

ಸಂಜೆಯೊಳಗೆ ಅಮ್ಮನ ವಾಯ್ಸ್ ಮೆಸೇಜ್ ಬಂತು. ಸೋದರಮಾವನಾದ ನಾನು ಊರಲ್ಲಿರುವಾಗಲೇ ಆಗಲಿ ಎಂದು ತಂಗಿಯ ಮಗಳ ಮದುವೆಯನ್ನು ನವೆಂಬರಿಗೇ ಎಳೆದಿದ್ದರು. ಇಗರ್ಜಿಯಲ್ಲಿ ಪಾದ್ರಿಗಳಿಗೂ ಹೇಳಿ ಆಗಿತ್ತು. ಅಮ್ಮನ ಮಾತಿನ ತುಂಬ ಸಂತೋಷ. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸುವುದು?

"ಬರುವುದಿಲ್ಲ ಅಂತ ಹೇಳಿಬಿಡ್ತೇನೆ" ಎಂದೆ ಹೆಂಡತಿಗೆ.

"ಯಾಕೆ ಅಂತ ಕೇಳ್ತಾರೆ. ಆಗ ನನ್ನ ಕಣ್ಣಿನ ವಿಷಯ ಹೇಳಬೇಕಾಗ್ತದೆ. ಮದುವೆ ಮನೆಯಲ್ಲಿ ಅದು ಬೇಡ."

ಮುಂದಿನ ವರ್ಷ ಹೋಗುವ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವಳು ಸೂಟ್‌ಕೇಸ್ ಎಳೆದು ಮದುವೆಗೆ ಉಡುವ ಸೀರೆ ಮಡಚತೊಡಗಿದಳು. ಕ್ಷಮಿಸು ಎಂದೆ. ಅವಳು ತಲೆ ಎತ್ತಲಿಲ್ಲ.

"ಊರನ್ನು ನಾನು ಕಣ್ಣು ಮುಚ್ಚಿಯೂ ನೋಡ್ತೇನೆ. ಕ್ಯೋಟೋ ಒಂದಕ್ಕೆ ಕಣ್ಣು ಬೇಕಿತ್ತು."