ಭೇರ್ಯದ ಮನೆಯಲ್ಲಿ ಸುಣ್ಣ ಕಾಣದ ಗೋಡೆ

ಎತ್ತಿನ ಗಾಡಿಯಿಂದ ಇಳಿದವಳು ಇನ್ನೂ ಅಂಗಳದಲ್ಲಿದ್ದೆ. ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಮೂವತ್ತು ದಾಟಿದ ಹೆಂಗಸೊಬ್ಬರು ಬಂದು, ನನ್ನ ಮುಖ ನೋಡದೆ, ನೆಲದ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ನನ್ನ ಚಪ್ಪಲಿಯನ್ನೇ ದಿಟ್ಟಿಸಿದರು.

"ನಡಿ," ಅಂದರು.

ಎರಡು ಹೆಜ್ಜೆ ಹಾಕಿದೆ.

"ಇನ್ನೊಂದ್ ಕಿತ ನಡಿ."

ನಾಲ್ಕು ಸಲ ನಡೆಸಿದರು. ತಟ್ಟೆಯ ಕರ್ಪೂರ ಆರಿಹೋಯಿತು. "ಬ್ಯಾಸರ ಮಾಡ್ಕಬ್ಯಾಡ ಕಣವ್ವ, ನಮ್ ನಂಜಿ ಅಂಗೇಯ," ಎನ್ನುತ್ತ ಅತ್ತೆ ಇನ್ನೊಂದು ಬಿಲ್ಲೆ ಹಚ್ಚಿದರು.

ನಂಜಕ್ಕ ನನ್ನ ಯಜಮಾನರ ಅಕ್ಕ. ಮದುವೆಯಾಗಿಲ್ಲ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದ ನನಗೆ ಭೇರ್ಯದಲ್ಲಿ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ಅಲ್ಲಿ ನಲ್ಲಿ ತಿರುಗಿಸಿದರೆ ನೀರು, ಇಲ್ಲಿ ಅಂಗೈ ಕೆಂಪಾಗುವವರೆಗೆ ಬಾವಿಯ ಹಗ್ಗ. ಮನೆಗೆ ಇಲ್ಲಿ ಹಟ್ಟಿ ಅನ್ನುತ್ತಾರೆ. ಅಲ್ಲಿ ಎದುರು ಸಿಕ್ಕವರನ್ನು ಚೆನ್ನಾಗಿದ್ದೀರಾ ಎಂದು ಕೇಳಿ ಮುಂದೆ ಹೋಗುತ್ತಿದ್ದೆವು. ಇಲ್ಲಿ "ಉಂಡ್ಯಾ?" ಅನ್ನುತ್ತಾರೆ, ಇಲ್ಲವೆಂದರೆ ಕೂರಿಸಿ ಬಡಿಸಿಯೇಬಿಡುತ್ತಾರೆ. ಮುದ್ದೆ ಅಗಿಯುತ್ತಿದ್ದ ನನ್ನನ್ನು ಕಂಡು ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ಅಗಿಯದೆ ನುಂಗಲು ನನಗೆ ಎರಡು ತಿಂಗಳು ಹಿಡಿಯಿತು.

ಮಾತನಾಡುವವರ ಕಣ್ಣನ್ನು ನೋಡಿ ಮಾತಾಡಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ನಂಜಕ್ಕ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಒನಕೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅವರ ತಟ್ಟೆಯಲ್ಲಿ ಮುದ್ದೆಗೆ ಸಾರು ತಾಗಬಾರದು. ಹಿತ್ತಿಲ ಬಾಗಿಲ ಎರಡನೆಯ ಮೆಟ್ಟಿಲು ಅವರದು, ಅಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಇದಕ್ಕೆಲ್ಲ ಒಂದು ಹೆಸರಿದೆಯೋ ಏನೋ, ನಾನರಿಯೆ. ಊರಿನವರು ಒಂದು ಹೆಸರಿಟ್ಟಿದ್ದರು, ಅದನ್ನು ಇಲ್ಲಿ ಬರೆಯಲಾರೆ.

ಮೊದಲ ಯುಗಾದಿ ಬಂತು. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯುವುದು ಇಲ್ಲಿ ಹೆಂಗಸರ ಕೆಲಸ. ಅತ್ತೆ ಎರಡು ದಿನ ಸಾಲಿಗ್ರಾಮದ ನೆಂಟರ ಮನೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಮುಗಿಸಿ ಭೇಷ್ ಅನ್ನಿಸಿಕೊಳ್ಳೋಣವೆಂದು ಹೊರಟೆ. ಹಿಂದಿನ ಕೋಣೆಯ ಒಂದು ಗೋಡೆ ಮೇಲಿಂದ ಕೆಳಗಿನವರೆಗೆ ಇದ್ದಿಲಿನ ಗೀಚಾಗಿತ್ತು. ಒಂದೇ ಎತ್ತು, ಸಾಲು ಸಾಲಾಗಿ, ನೂರಕ್ಕೂ ಹೆಚ್ಚು ಸಲ. ಯಾವ ಕಾಲದ ಮಕ್ಕಳು ಗೀಚಿದ್ದೋ ಎಂದುಕೊಂಡು ಎರಡು ಕೈ ಸುಣ್ಣ ಹೊಡೆದೆ.

ನಂಜಕ್ಕ ಬಂದು ಗೋಡೆಗೆ ಅಂಗೈ ಇಟ್ಟರು. ಅಂಗೈ ಬೆಳ್ಳಗಾಯಿತು.

"ಎತ್ತು ಎಲ್ಲೋಯ್ತು?" ಅಂದರು. ಕೂಗಲಿಲ್ಲ, ಅಳಲಿಲ್ಲ. ಅದೇ ಮಾತನ್ನು ಸಂಜೆಯವರೆಗೆ ಹೇಳುತ್ತಲೇ ಇದ್ದರು.

ಅತ್ತೆ ಬಂದು ನೋಡಿ ಹೊಸ್ತಿಲ ಮೇಲೆಯೇ ಕುಳಿತರು. "ಆ ಗ್ವಾಡೆ ಬುಟ್ಟು ಸುಣ್ಣ ಒಡೀತೀವಿ ಕಣವ್ವ, ಯಾವಾಗ್ಲೂವೆ."

"ನನಗೆ ಯಾಕೆ ಹೇಳಲಿಲ್ಲ ಅತ್ತೆ?"

"ಯೇಳಕ್ಕೇನೈತೆ? ಎಲ್ರಿಗೂ ಗೊತ್ತಲ್ಲ."

ಹೊಸ ಊರಿನ ಕಷ್ಟ ಇದೇ ಎಂದು ಅಂದು ತಿಳಿಯಿತು. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ.

"ನಂಜಕ್ಕ ಒಂದೇ ಎತ್ತನ್ನು ಅಷ್ಟು ಸಲ ಯಾಕೆ ಬರೆದರು?" ಎಂದೆ.

"ಒಂದೇ ಅಲ್ವಲ್ಲ. ಒಂದ್ರಾಗೆ ಕಾಲು ಕೆಳೀಕೈತೆ, ಇನ್ನೊಂದ್ರಾಗೆ ವಸಿ ಮ್ಯಾಕೆ. ನಡೀತಾ ಇತ್ತು ಕಣವ್ವ ಅದು."

ನಾನು ಅಳಿಸಿದ್ದು ಏನೆಂದು ಆಗ ಹೊಳೆಯಿತು. ಶಾಲೆಯಲ್ಲಿ ನಾವು ವ್ಯಾಕರಣ ಪುಸ್ತಕದ ಮೂಲೆಮೂಲೆಗೆ ಹಕ್ಕಿ ಬರೆದು, ಹಾಳೆಗಳನ್ನು ಹೆಬ್ಬೆರಳಿನಿಂದ ಜಾರಿಸಿ ಹಾರಿಸುತ್ತಿದ್ದೆವು. ಅದನ್ನು ಕಿತ್ತುಕೊಂಡ ಸಿಸ್ಟರು ಮೇಜಿನ ಮರೆಯಲ್ಲಿ ತಾವೂ ಹಾರಿಸಿ ನೋಡಿದ್ದರು.

ನಂಜಕ್ಕ ಮಾತು ಬಿಟ್ಟರು. ಅನ್ನ ಅರ್ಧಕ್ಕಿಳಿಯಿತು. ಒಲೆಯ ಮಸಿಯೆಂದು ನಾನು ತಿಳಿದಿದ್ದ ಇದ್ದಿಲಿನ ಕಪ್ಪು ಈಗ ಅವರ ಬೆರಳುಗಳಲ್ಲಿ ಇರಲಿಲ್ಲ. ತವರಿಗೆ ಬರೆಯಲೆಂದು ತಂದಿದ್ದ ಕಾಗದದ ಕಟ್ಟನ್ನು ಕತ್ತರಿಸಿ, ದಾರದಿಂದ ಹೊಲಿದು ಸಣ್ಣ ಪುಸ್ತಕಗಳನ್ನು ಮಾಡಿದೆ. ಒಂದರಲ್ಲಿ ಪುಟಿಯುವ ಚೆಂಡು ಬರೆದೆ. ಅದನ್ನೂ ಖಾಲಿ ಪುಸ್ತಕಗಳನ್ನೂ ಕೈಗೆ ಕೊಡದೆ, ಅವರತ್ತ ನೋಡದೆ, ಎರಡನೆಯ ಮೆಟ್ಟಿಲ ಮೇಲೆ ಸೀಸದಕಡ್ಡಿಯ ಜೊತೆ ಇಟ್ಟುಬಂದೆ. ಮೂರು ದಿನ ಹಾಗೇ ಇದ್ದವು. ನಾಲ್ಕನೆಯ ದಿನ ಇರಲಿಲ್ಲ. ಆ ತಿಂಗಳು ಅಮ್ಮನಿಗೆ ಕಾಗದ ಬರೆಯಲು ಹಾಳೆಯಿರಲಿಲ್ಲ.

ಕೆಲವು ದಿನಗಳ ಮೇಲೆ ಪುಸ್ತಕವೊಂದು ಮೆಟ್ಟಿಲಿಗೆ ಮರಳಿತ್ತು. ಜಾರಿಸಿದೆ. ಎತ್ತು ನಡೆಯಿತು, ಬಾಲದಿಂದ ನೊಣ ಹೊಡೆಯಿತು, ಕತ್ತು ತಿರುಗಿಸಿತು. ಹಿಂದಿನಿಂದ ನಂಜಕ್ಕನ ಕೈ ಬಂದು ನನ್ನ ಹೆಬ್ಬೆರಳನ್ನು ತಡೆಯಿತು.

"ಮೆಲ್ಲಕೆ," ಅಂದರು.

ಸುದ್ದಿ ಗ್ರಾಮಸೇವಿಕೆಗೆ ಮುಟ್ಟಿ, ಅವರ ಒತ್ತಾಯಕ್ಕೆ ಅತ್ತೆಯೊಂದಿಗೆ ನಾವು ಕೃಷ್ಣರಾಜನಗರದ ವಸ್ತುಪ್ರದರ್ಶನಕ್ಕೆ ಹೋದೆವು. ನಂಜಕ್ಕನ ಕಿವಿಗೆ ಹತ್ತಿ ಇಟ್ಟಿದ್ದೆ. ಮೇಜಿಗೆ ನಾನು ಕಸೂತಿ ಹಾಕಿದ ಬಟ್ಟೆ ಹಾಸಿ, ಮೇಲೆ ಐದು ಪುಸ್ತಕ ಜೋಡಿಸಿದೆ. "ಎತ್ತು ಬತ್ತೈತೆ ನೋಡ್ಲಾ!" ಎಂದು ಜನ ಮುಗಿಬಿದ್ದರು. ಆಗ ಲೌಡ್ ಸ್ಪೀಕರ್ ಕಿರುಚಿತು. ನಂಜಕ್ಕ ಮೇಜಿನ ಕೆಳಗೆ ನುಸುಳಿಕೊಂಡರು.

ಬಹುಮಾನ ಗೊತ್ತುಮಾಡಲು ಬಂದ ಹಿರಿಯರು, "ಇವ್ರೇ ಬರ್ದಿದ್ದಾದ್ರೆ ಇಲ್ಲೇ ಒಂದು ಬರ್ದು ತೋರಿಸ್ಲಿ," ಎಂದು ಬಟ್ಟೆಯನ್ನು ಎತ್ತಲು ಬಾಗಿದರು.

ಹಿರಿಯರಿಗೆ ಎದುರಾಡಿ ಗೊತ್ತಿಲ್ಲದವಳು ನಾನು. ಬಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದು, "ಅವರು ಬರೆಯೋದು ಮನೇಲಿ. ನೋಡಬೇಕಾದ್ರೆ ನಮ್ಮ ಹಟ್ಟಿಗೆ ಬನ್ನಿ," ಎಂದೆ. ಹಟ್ಟಿ ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂದದ್ದು ಅದೇ ಮೊದಲು.

ಬಹುಮಾನ ಮೇಜಿನ ಬಟ್ಟೆಗೆ ಬಂತು.

"ಓಗ್ಲಿ ಬುಡು," ಅಂದರು ಅತ್ತೆ. ಗಾಡಿಯಲ್ಲಿ ನಂಜಕ್ಕ ದಾರಿಯುದ್ದಕ್ಕೂ ನನ್ನ ಸೆರಗಿನ ತುದಿಯನ್ನು ಬಿಡಲಿಲ್ಲ.

ಆ ಗೋಡೆಗೆ ಅವರು ಮತ್ತೆ ಇದ್ದಿಲು ಮುಟ್ಟಿಸಿಲ್ಲ. ಆದರೂ ಈ ಯುಗಾದಿಗೆ ಅದೊಂದನ್ನು ಬಿಟ್ಟೇ ಸುಣ್ಣ ಹೊಡೆದೆ.

ಈಗ ನಾಲ್ಕು ದಿನಕ್ಕೆಂದು ಬಂದ ತವರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಲ್ಲಿಯ ಸದ್ದು ಹೆಚ್ಚೆನಿಸುತ್ತದೆ. ಉಂಡ್ಯಾ ಎಂದು ಯಾರೂ ಕೇಳುವುದಿಲ್ಲ. ಭೇರ್ಯದಲ್ಲಿ ಇದೇ ಮನೆಯನ್ನು ನೆನೆದು ಅತ್ತದ್ದುಂಟು. ಪೆಟ್ಟಿಗೆ ಬಿಚ್ಚಿದರೆ ನಂಜಕ್ಕ ಇಟ್ಟ ಪುಸ್ತಕವೊಂದು ಸಿಕ್ಕಿತು. ಚಪ್ಪಲಿ ಮೆಟ್ಟಿದ ಹೆಂಗಸೊಬ್ಬಳು ಅಂಗಳ ದಾಟಿ ಹೊಸ್ತಿಲ ಕಡೆ ನಡೆದು ಬರುತ್ತಾಳೆ. ನನ್ನ ತಂಗಿ ಅದನ್ನು ಕಡೆಯ ಹಾಳೆಯಿಂದ ಜಾರಿಸಿ ನಕ್ಕಳು. "ಇವಳೇನೇ ಅಕ್ಕ, ಮುಖ ಮನೆ ಕಡೆ ಇಟ್ಟುಕೊಂಡು ಹಿಂದುಹಿಂದಕ್ಕೆ ಹೋಗ್ತಾಳೆ?"

ಭೇರ್ಯದ ಅಂಗಳದಿಂದ ಮೊನ್ನೆ ನಾನು ಗಾಡಿಯವರೆಗೆ ಹೋದದ್ದು ಹಾಗೆಯೇ.